ಎರಡು ಉದ್ದಗಳ ವಿಮಾನ: ನಕ್ಷೆ ಮತ್ತು ಛಾಯಾಚಿತ್ರಗಳಿಂದ ಸಿಮ್ಯುಲೇಟರ್ ಮಾದರಿ ಕಟ್ಟಿದ ಒಂದು ಪ್ರಕರಣ

ಹಿನ್ನೆಲೆ

ಫ್ಲೈಟ್ ಸಿಮ್ಯುಲೇಟರ್‌ಗಳಿಗಾಗಿ, ಅಂದರೆ ಗಣಕದಲ್ಲಿ ವಿಮಾನ ಹಾರಾಟವನ್ನು ಅನುಕರಿಸುವ ತಂತ್ರಾಂಶಗಳಿಗಾಗಿ, ಹವ್ಯಾಸದಿಂದ ವಿಮಾನಗಳನ್ನು ಕಟ್ಟುವ ಮೂವರ ತಂಡವೊಂದು ಡಗ್ಲಾಸ್ ಡಿಸಿ-3 ವಿಮಾನವನ್ನು ಎಕ್ಸ್-ಪ್ಲೇನ್ ಎಂಬ ಸಿಮ್ಯುಲೇಟರ್‌ಗೆ ತರಲು ಹೊರಟಿತು. ಒಬ್ಬರು ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ ಮೂರು ಆಯಾಮದ ಮಾಡೆಲ್ ಮಾಡುವವರು, ಇನ್ನೊಬ್ಬರು ಹಾರಾಟದ ಲೆಕ್ಕ ನೋಡಿಕೊಳ್ಳುವವರು, ಮೂರನೆಯವರು ಟೆಕ್ಸ್ಚರ್, ಅಂದರೆ ಮಾಡೆಲ್‌ನ ಮೇಲ್ಮೈಗೆ ಹೊದಿಸುವ ಚಿತ್ರ, ಬಿಡಿಸುವ ಕಲಾವಿದೆ. ತಂಡದ ಸದಸ್ಯರ ಗುರುತನ್ನೂ ಅವರು ಛಾಯಾಚಿತ್ರ ತೆಗೆದ ವಿಮಾನ ಯಾವುದು, ಅದು ಯಾವ ಸಂಗ್ರಹಾಲಯದಲ್ಲಿದೆ ಎಂಬುದನ್ನೂ ಇಲ್ಲಿ ಮರೆಮಾಡಲಾಗಿದೆ. ಅವರ ಕೆಲಸದ ಕಡತಗಳನ್ನು ಮೊದಲಿನಿಂದ ಕೊನೆಯವರೆಗೆ ನೋಡುವ ಅವಕಾಶ ನನಗಿತ್ತು. ಆಕರಗಳನ್ನು ನಂಬುವ ಕ್ರಮ ತಪ್ಪಿದರೆ ಶ್ರದ್ಧೆಯಿಂದ ಮಾಡಿದ ಕೆಲಸವೂ ಎಷ್ಟು ದೂರ ದಾರಿ ತಪ್ಪಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ನಾನು ಕಂಡಿಲ್ಲವಾದ್ದರಿಂದ ಇದನ್ನು ವಿವರವಾಗಿ ದಾಖಲಿಸುತ್ತಿದ್ದೇನೆ.

ಡಿಸಿ-3 ಮೊದಲ ಸಲ ಹಾರಿದ್ದು 1935ರ ಡಿಸೆಂಬರ್ 17ರಂದು. ನಾಗರಿಕ ಪ್ರಯಾಣಕ್ಕೆಂದೇ ತಯಾರಾದವು ಆರು ನೂರರಷ್ಟು ಮಾತ್ರ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೇನೆಗಾಗಿ ತಯಾರಾದ ಸಿ-47 ರೂಪದ ವಿಮಾನಗಳು ಹತ್ತು ಸಾವಿರಕ್ಕೂ ಹೆಚ್ಚು. ಯುದ್ಧ ಮುಗಿದ ಮೇಲೆ ಈ ಸೇನಾ ವಿಮಾನಗಳಲ್ಲಿ ಬಹಳಷ್ಟು ನಾಗರಿಕ ಸೇವೆಗೆ ಬಂದವು, ಬಾಗಿಲು, ಕಿಟಕಿ, ಒಳಾಂಗಣ ಬದಲಾದವು, ಬಿಡಿಭಾಗಗಳು ಒಂದರಿಂದ ಇನ್ನೊಂದಕ್ಕೆ ಹೋದವು. ಕಾಲಕ್ರಮದಲ್ಲಿ ಜನ ಇವೆಲ್ಲವನ್ನೂ ಡಿಸಿ-3 ಎಂದೇ ಕರೆದರು. ನೋಡುವವರಿಗೆ ಇದರಿಂದ ತೊಂದರೆಯಿಲ್ಲ. ಅಳತೆ ಹಿಡಿದು ಮಾದರಿ ಕಟ್ಟುವವರಿಗೆ ಮಾತ್ರ ಈ ಒಂದು ಹೆಸರಿನ ಹಿಂದೆ ಹಲವು ವಿಮಾನಗಳು ಅಡಗಿವೆ.

ತಂಡದ ಕೈಯಲ್ಲಿದ್ದ ಆಕರಗಳು ಮೂರು ಬಗೆಯವು. ಹಳೆಯ ನಿಯತಕಾಲಿಕವೊಂದರಲ್ಲಿ ಅಚ್ಚಾಗಿದ್ದ ಮೂರು ನೋಟದ ನಕ್ಷೆಯ ಸ್ಕ್ಯಾನ್ ಪ್ರತಿಯಿತ್ತು. ಅದರ ತಲೆಬರಹ ಬರೀ ‘ಡಿಸಿ-3’. ವಿಮಾನದ ದುರಸ್ತಿ ಕೈಪಿಡಿಯಿಂದ ತೆಗೆದ ಸ್ಟೇಷನ್ ನಕ್ಷೆಗಳಿದ್ದವು. ಇಂಥ ನಕ್ಷೆಗಳಲ್ಲಿ ಒಡಲಿನ ಉದ್ದಕ್ಕೂ ಇರುವ ಒಂದೊಂದು ಚೌಕಟ್ಟಿನ ಸ್ಥಾನವನ್ನು ನಿಶ್ಚಿತ ಆಧಾರ ರೇಖೆಯಿಂದ ಇಂಚಿನಲ್ಲಿ ಅಳೆದು ಬರೆದಿರುತ್ತಾರೆ, ಗೆರೆ ಒರಟಾಗಿದ್ದರೂ ಪಕ್ಕದಲ್ಲಿ ಅಚ್ಚಾದ ಅಂಕಿ ನಿಖರವಾಗಿರುತ್ತದೆ. ಇವುಗಳ ಜೊತೆಗೆ ದೊಡ್ಡದೊಂದು ಛಾಯಾಚಿತ್ರ ಸಂಗ್ರಹವಿತ್ತು; ಅದರಲ್ಲಿ ಒಂದು ಪಾಲು ಅಂತರಜಾಲದಿಂದ ಕಲೆಹಾಕಿದ್ದು, ಇನ್ನೊಂದು ಪಾಲು ತಂಡದವರೇ ಸಂಗ್ರಹಾಲಯಕ್ಕೆ ಹೋಗಿ ತೆಗೆದದ್ದು.

ಮೂವತ್ತೈದು ಸೆಂಟಿಮೀಟರ್‌ಗಳ ಕೊರತೆ

ಮಾಡೆಲರ್ ಕ್ರಮಬದ್ಧವಾಗಿಯೇ ಆರಂಭಿಸಿದರು. ಮೇಲಿನಿಂದ ಕಾಣುವ ನೋಟವನ್ನು ಬ್ಲೆಂಡರ್‌ನ ಹಿನ್ನೆಲೆ ಚಿತ್ರವಾಗಿ ಇಟ್ಟುಕೊಂಡು, ರೆಕ್ಕೆಗಳ ಒಂದು ತುದಿಯಿಂದ ಇನ್ನೊಂದು ತುದಿಗೆ ಎಷ್ಟು ಪಿಕ್ಸೆಲ್ ಎಂದು ಅಳೆದರು. 4,365 ಬಂತು. ಡಿಸಿ-3ರ ರೆಕ್ಕೆಗಳ ಹರವು 95 ಅಡಿ 2 ಇಂಚು, ಅಂದರೆ 29.0 ಮೀಟರ್, ಆ ಲೆಕ್ಕದಲ್ಲಿ ಒಂದು ಮೀಟರಿಗೆ ನೂರೈವತ್ತು ಪಿಕ್ಸೆಲ್‌ಗಿಂತ ತುಸು ಹೆಚ್ಚು. ಅದೇ ಪ್ರಮಾಣದಲ್ಲಿ ಒಡಲನ್ನು ಅಳೆದಾಗ 2,914 ಪಿಕ್ಸೆಲ್, ಎಂದರೆ 19.36 ಮೀಟರ್ ಸಿಕ್ಕಿತು. ಪ್ರಕಟಿತ ಉದ್ದ 64 ಅಡಿ 8 ಇಂಚು, ಅಂದರೆ 19.71 ಮೀಟರ್. ಮೂವತ್ತೈದು ಸೆಂಟಿಮೀಟರ್ ಕಡಿಮೆ.

ಇಲ್ಲಿ ಅವರು ತೆಗೆದುಕೊಂಡ ನಿರ್ಧಾರವೇ ಈ ಪ್ರಕರಣದ ಬೇರು. ಹಳೆಯ ಕಾಗದ ಒಂದು ದಿಕ್ಕಿನಲ್ಲಿ ಕುಗ್ಗುವುದು, ಅಚ್ಚಿನಲ್ಲೋ ಸ್ಕ್ಯಾನರ್‌ನಲ್ಲೋ ಉದ್ದ ಮತ್ತು ಅಗಲದ ಪ್ರಮಾಣ ಬೇರೆಬೇರೆಯಾಗುವುದು ಈ ಕೆಲಸ ಮಾಡುವ ಎಲ್ಲರಿಗೂ ಗೊತ್ತಿರುವ ಸಂಗತಿ. ಆದ್ದರಿಂದ ಅವರು ಕೊರತೆಗೆ ಕಾಗದವೇ ಕಾರಣವೆಂದು ಭಾವಿಸಿ, ಮೇಲ್ನೋಟವನ್ನೂ ಪಕ್ಕದ ನೋಟವನ್ನೂ ಉದ್ದದ ದಿಕ್ಕಿನಲ್ಲಿ ನೂರಕ್ಕೆ 1.8ರಷ್ಟು ಹಿಗ್ಗಿಸಿದರು. ಉದ್ದ ಪ್ರಕಟಿತ ಅಂಕಿಗೆ ಸರಿಹೊಂದಿತು. ವಿವರಣೆ ಅಸಂಬದ್ಧವೇನೂ ಆಗಿರಲಿಲ್ಲ, ಎಷ್ಟೋ ಸ್ಕ್ಯಾನ್‌ಗಳ ವಿಷಯದಲ್ಲಿ ಅದೇ ಸರಿಯಾದ ವಿವರಣೆ. ಆದರೆ ಕಾಗದ ಕುಗ್ಗಿದ್ದರೆ ಒಡಲಿನ ಪ್ರತಿಯೊಂದು ಭಾಗವೂ ಸಮನಾಗಿ ಕುಗ್ಗಿರಬೇಕಿತ್ತು. ಅದನ್ನು ಪರೀಕ್ಷಿಸಲು ಬೇಕಾದ ಸ್ಟೇಷನ್ ಅಂಕಿಗಳು ಪಕ್ಕದಲ್ಲೇ ಇದ್ದವು. ಒಟ್ಟು ಉದ್ದ ಎಂಬ ಒಂದೇ ಅಂಕಿಯನ್ನು ಸರಿಪಡಿಸಿದಾಗ ಮಧ್ಯದ ಎಲ್ಲ ಸ್ಥಾನಗಳನ್ನೂ ಅದರ ಹಿಂದೆ ಎಳೆದಂತಾಯಿತು. ಮೂತಿಯಿಂದ ಐದು ಮೀಟರ್ ಹಿಂದಿರುವ ಭಾಗ ಒಂಬತ್ತು ಸೆಂಟಿಮೀಟರ್, ಹತ್ತು ಮೀಟರ್ ಹಿಂದಿರುವ ಭಾಗ ಹದಿನೆಂಟು ಸೆಂಟಿಮೀಟರ್ ಹಿಂದಕ್ಕೆ ಸರಿದವು.

ಈ ವ್ಯತ್ಯಾಸ ಬರಿಗಣ್ಣಿಗೆ ಕಾಣಲಿಲ್ಲ. ಬೂದು ಬಣ್ಣದ ಮೆಶ್, ಅಂದರೆ ಮಾಡೆಲ್‌ನ ಬಲೆಯಂಥ ಮೇಲ್ಮೈ, ಪರದೆಯ ಮೇಲೆ ಡಿಸಿ-3ರಂತೆಯೇ ಇತ್ತು.

ಛಾಯಾಚಿತ್ರದೊಡನೆ ಹೊಂದಿಸುವ ಪ್ರಯತ್ನ

ಮಾಡೆಲ್ ಅನ್ನು ಛಾಯಾಚಿತ್ರದ ಮೇಲೆ ಕೂರಿಸಿ ನೋಡಲು ತಂಡ ಎಫ್‌ಸ್ಪೈ ಎಂಬ ಉಚಿತ ತಂತ್ರಾಂಶವನ್ನು ಬಳಸಿತು. ಚಿತ್ರದಲ್ಲಿರುವ ಸಮಾನಾಂತರ ರೇಖೆಗಳು ಎಲ್ಲಿ ಕೂಡುತ್ತವೆ ಎಂಬುದರಿಂದ ಕ್ಯಾಮೆರಾ ಎಲ್ಲಿ ನಿಂತಿತ್ತು, ಅದರ ನೋಟದ ಕೋನ ಎಷ್ಟು ಎಂದು ಅದು ಲೆಕ್ಕ ಹಾಕಿ ಕೊಡುತ್ತದೆ. ವಿಮಾನದ ಒಡಲಿನಲ್ಲಿ ನೇರ ಗೆರೆಗಳು ವಿರಳವಾದ್ದರಿಂದ, ವಿಮಾನ ನಿಂತಿದ್ದ ಕಾಂಕ್ರೀಟ್ ನೆಲದ ಕೀಲುಗೆರೆಗಳನ್ನು ಬಳಸಿದ್ದು ಜಾಣತನವೇ ಆಗಿತ್ತು. ಆದರೆ ಅಂತರಜಾಲದಿಂದ ಬಂದ ಚಿತ್ರಗಳಲ್ಲಿ ಹೆಚ್ಚಿನವನ್ನು ಯಾರೋ ಕತ್ತರಿಸಿದ್ದರು. ಲೆನ್ಸಿನ ಅಕ್ಷ ಚಿತ್ರದ ನಟ್ಟನಡುವೆ ಹಾದುಹೋಗುತ್ತದೆ ಎಂಬ ಊಹೆಯ ಮೇಲೆ ಈ ಲೆಕ್ಕ ನಿಂತಿದೆ; ಒಂದು ಪಕ್ಕದಿಂದ ಕತ್ತರಿಸಿದ ಚಿತ್ರದಲ್ಲಿ ಆ ನಡು ಬೇರೆಡೆಗೆ ಸರಿದಿರುತ್ತದೆ, ತಂತ್ರಾಂಶ ಅದನ್ನು ತಾನಾಗಿ ತಿಳಿಯಲಾರದು. ಹೀಗಾಗಿ ಒಂದು ಚಿತ್ರದಲ್ಲಿ ಬಾಲ ಉದ್ದವೆನಿಸಿದರೆ ಇನ್ನೊಂದರಲ್ಲಿ ಮೂತಿ ದಪ್ಪವೆನಿಸುತ್ತಿತ್ತು.

ಹೊಂದದ ಕಡೆಯಲ್ಲೆಲ್ಲ ಮಾಡೆಲರ್ ವರ್ಟೆಕ್ಸ್‌ಗಳನ್ನು, ಅಂದರೆ ಮೆಶ್‌ನ ಮೂಲೆಬಿಂದುಗಳನ್ನು, ಕೈಯಿಂದ ಸರಿಸುತ್ತ ಹೋದರು. ಒಂದು ಚಿತ್ರಕ್ಕೆ ಸರಿಮಾಡಿದ್ದು ಮತ್ತೊಂದಕ್ಕೆ ತಪ್ಪಾಗುತ್ತಿತ್ತು. ಆಗ ಎರಡರ ನಡುವಿನ ಸ್ಥಾನದಲ್ಲಿ ಇಡುತ್ತಿದ್ದರು. ಇದು ತುಂಬ ಸಾಮಾನ್ಯವಾದ, ತುಂಬ ಹಾನಿಕರವಾದ ಅಭ್ಯಾಸ. ಒಂದು ಆಕರ ಸರಿ, ಇನ್ನೊಂದು ತಪ್ಪು ಎಂದಿರುವಾಗ ಎರಡರ ಸರಾಸರಿ ತೆಗೆದರೆ ಬರುವುದು ಅರ್ಧ ತಪ್ಪು, ಅಷ್ಟೇ ಅಲ್ಲ, ತಪ್ಪು ಎಲ್ಲಿಂದ ಬಂತೆಂದು ಹುಡುಕುವ ಜಾಡೂ ಅಳಿಸಿಹೋಗುತ್ತದೆ.

ಎಂಜಿನ್ ಕವಚದ ವಿಷಯದಲ್ಲಿ ನಡೆದದ್ದನ್ನು ಹತ್ತಿರದಿಂದ ನೋಡಬಹುದು. ಪಕ್ಕದಿಂದ ತೆಗೆದ ಸುಂದರವಾದ ಚಿತ್ರವೊಂದನ್ನು ಮಾಡೆಲರ್ ನೇರವಾಗಿ ಪಕ್ಕದ ನೋಟದ ನಕ್ಷೆಯ ಮೇಲೆ ಹಾಸಿ, ಕವಚ ನಕ್ಷೆಗಿಂತ ದೊಡ್ಡದಾಗಿದೆಯೆಂದು ಕಂಡು ಅದನ್ನು ಹಿಗ್ಗಿಸಿದ್ದರು. ಆ ಚಿತ್ರ ವಿಮಾನದ ನಡುಗೆರೆಯಿಂದ ಸುಮಾರು ನಲವತ್ತು ಮೀಟರ್ ದೂರದಲ್ಲಿ ತೆಗೆದದ್ದು. ಈ ಕಡೆಯ ಎಂಜಿನ್ ನಡುಗೆರೆಯಿಂದ ಸುಮಾರು 2.8 ಮೀಟರ್ ಆಚೆ, ಅಂದರೆ ಕ್ಯಾಮೆರಾಕ್ಕೆ ಅಷ್ಟು ಹತ್ತಿರ ಇದೆ, 40ನ್ನು 37.2ರಿಂದ ಭಾಗಿಸಿದರೆ ಅದು ಒಡಲಿಗಿಂತ ನೂರಕ್ಕೆ ಏಳೂವರೆಯಷ್ಟು ದೊಡ್ಡದಾಗಿ ಕಾಣುವುದು ಸಹಜ. ಹದಿನಾಲ್ಕೂವರೆ ಮೀಟರ್ ಆಚೆಗಿರುವ ರೆಕ್ಕೆಯ ತುದಿಯಂತೂ ಅದೇ ಚಿತ್ರದಲ್ಲಿ ಒಂದೂವರೆ ಪಟ್ಟಿಗಿಂತ ದೊಡ್ಡದು. ನೂರೈವತ್ತು ಮೀಟರ್ ದೂರದಿಂದ ತೆಗೆದಿದ್ದರೆ ಆ ತುದಿ ನೂರಕ್ಕೆ ಹನ್ನೊಂದರಷ್ಟು ಮಾತ್ರ ಹಿಗ್ಗುತ್ತಿತ್ತು. ಈ ಹಿಗ್ಗುವಿಕೆಗೆ ಲೆನ್ಸನ್ನು ದೂರುವವರು ಬಹಳ. ವಾಸ್ತವದಲ್ಲಿ ಇದನ್ನು ತೀರ್ಮಾನಿಸುವುದು ಕ್ಯಾಮೆರಾ ನಿಂತ ದೂರ. ಉದ್ದ ಲೆನ್ಸ್ ಮಾಡುವ ಉಪಕಾರವೆಂದರೆ ದೂರ ನಿಂತರೂ ವಿಮಾನ ಚೌಕಟ್ಟಿನ ತುಂಬ ಕಾಣುವಂತೆ ಮಾಡುವುದು.

ಕವಚ ತಪ್ಪಾಗಿದೆಯೆಂದು ತೋರಿಸಿಕೊಟ್ಟದ್ದು ಚಿತ್ರವಲ್ಲ, ಎಂಜಿನ್. ಒಳಗೆ ಕೂರುವ ಪ್ರಾಟ್ ಆ್ಯಂಡ್ ವಿಟ್ನಿ ಟ್ವಿನ್ ವಾಸ್ಪ್‌ನ ವ್ಯಾಸ 48 ಇಂಚು. ಎಂಜಿನ್ನನ್ನು ಆ ಅಳತೆಯಲ್ಲಿ ಮಾಡಿ ಕವಚದೊಳಗೆ ಇಟ್ಟಾಗ ಸುತ್ತ ಉಳಿದ ಜಾಗ ಯಾವ ಛಾಯಾಚಿತ್ರದಲ್ಲಿಯೂ ಕಾಣದಷ್ಟು ಅಗಲವಾಗಿತ್ತು.

ಹಾರಾಟದಲ್ಲಿ ಸಿಕ್ಕ ಸುಳಿವು

ಎಕ್ಸ್-ಪ್ಲೇನ್ ವಿಮಾನದ ಆಕಾರದಿಂದಲೇ ಹಾರಾಟವನ್ನು ಲೆಕ್ಕ ಹಾಕುತ್ತದೆ. ರೆಕ್ಕೆಯನ್ನು ಸಣ್ಣ ಸಣ್ಣ ತುಂಡುಗಳಾಗಿ ನೋಡಿ, ಪ್ರತಿ ತುಂಡಿನ ಮೇಲಿನ ಬಲವನ್ನು ಕಂಡುಹಿಡಿದು ಕೂಡಿಸುವ ಬ್ಲೇಡ್ ಎಲಿಮೆಂಟ್ ಸಿದ್ಧಾಂತ ಅದರ ಆಧಾರ. ಹಾರಾಟ ನೋಡಿಕೊಳ್ಳುವವರು ರೆಕ್ಕೆಯ ಆಕಾರ ಮತ್ತು ಸ್ಥಾನಗಳನ್ನು ಮಾಡೆಲರ್ ಕೊಟ್ಟ ಹಿಗ್ಗಿಸಿದ ನಕ್ಷೆಯಿಂದಲೇ ತೆಗೆದು, ಎಕ್ಸ್-ಪ್ಲೇನ್‌ನ ವಿಮಾನ ಕಟ್ಟುವ ಸಾಧನವಾದ ಪ್ಲೇನ್ ಮೇಕರ್‌ಗೆ ತುಂಬಿದರು. ಗುರುತ್ವ ಕೇಂದ್ರವನ್ನು ಮಾತ್ರ ಕೈಪಿಡಿಯ ಇಂಚಿನ ಅಂಕಿಯಿಂದ ತೆಗೆದುಕೊಂಡರು. ರೆಕ್ಕೆ ಹಿಂದಕ್ಕೆ ಸರಿದು ಗುರುತ್ವ ಕೇಂದ್ರ ಇದ್ದಲ್ಲೇ ಉಳಿದಿದ್ದರಿಂದ ವಿಮಾನ ಮೂತಿ ಭಾರವಾಗಿ ಹಾರಿತು. ಕೈಪಿಡಿ ಹೇಳುವ ಹೊರೆಯಲ್ಲಿ ಸಾಮಾನ್ಯ ವೇಗದಲ್ಲಿ ಹಾರುವಾಗಲೂ ಮೂತಿಯನ್ನು ಮೇಲೆತ್ತುವ ಟ್ರಿಮ್ (ವಿಮಾನವನ್ನು ಸಮತೋಲದಲ್ಲಿಡುವ ಸ್ಥಿರ ಹೊಂದಿಕೆ) ಸಹಜಕ್ಕಿಂತ ಹೆಚ್ಚು ಬೇಕಾಯಿತು.

ಜೊತೆಗೆ ಇನ್ನೊಂದು ವ್ಯತ್ಯಾಸವನ್ನೂ ಅವರು ಬರೆದಿಟ್ಟಿದ್ದರು. ಮಾಡೆಲ್‌ನ ರೆಕ್ಕೆಯ ವಿಸ್ತೀರ್ಣ 92.6 ಚದರ ಮೀಟರ್ ಬಂದಿತ್ತು. ಪ್ರಕಟಿತ ಅಂಕಿ 987 ಚದರ ಅಡಿ, ಎಂದರೆ 91.7 ಚದರ ಮೀಟರ್. ನೂರಕ್ಕೆ ಒಂದರ ವ್ಯತ್ಯಾಸವನ್ನು ಯಾರೂ ದೊಡ್ಡದೆನ್ನಲಾರರು. ಒಂದೊಂದಾಗಿ ನೋಡಿದರೆ ಈ ಸುಳಿವುಗಳು ಬಲಹೀನವೇ. ಹಿಂದಿನ ಕಿಟಕಿಗಳು ಛಾಯಾಚಿತ್ರಕ್ಕಿಂತ ಹಿಂದೆ ಸರಿದಿವೆ, ರೆಕ್ಕೆ ತುಸು ಅಗಲವಾಗಿದೆ, ವಿಮಾನ ಮೂತಿ ಭಾರವಾಗಿದೆ ಎಂಬ ಮೂರನ್ನೂ ಒಂದೇ ಹಾಳೆಯಲ್ಲಿ ಬರೆದಿದ್ದರೆ, ಉದ್ದದ ದಿಕ್ಕಿನಲ್ಲಿ ಏನೋ ಹಿಗ್ಗಿದೆಯೆಂಬುದು ಆಗಲೇ ಕಾಣಿಸುತ್ತಿತ್ತು. ಆದರೆ ಒಂದು ಮಾಡೆಲರ್ ಬಳಿ, ಇನ್ನೆರಡು ಹಾರಾಟದವರ ಬಳಿ ಉಳಿದವು. ಹಾರಾಟದವರು ಗುರುತ್ವ ಕೇಂದ್ರವನ್ನೇ ಕೊಂಚ ಹಿಂದಕ್ಕೆ ತಳ್ಳಿ ಸಮಾಧಾನಪಟ್ಟರು.

ತಿರುವು

ದಾರಿ ತಿರುಗಿದ್ದು ಟೆಕ್ಸ್ಚರ್ ಕಲಾವಿದೆಯಿಂದ. ರಿವೆಟ್ ಸಾಲುಗಳನ್ನು ಗುರುತಿಸಲು ಅವರು ಸಂಗ್ರಹಾಲಯದ ಚಿತ್ರಗಳನ್ನು ದೊಡ್ಡದು ಮಾಡಿ ಒಂದೊಂದೇ ತಗಡನ್ನು ನೋಡುತ್ತಿದ್ದರು. ಕಾಕ್‌ಪಿಟ್‌ನ ಹಿಂದೆ, ಒಡಲಿನ ಮೇಲ್ಭಾಗದಲ್ಲಿ, ವೃತ್ತಾಕಾರದ ಒಂದು ತೇಪೆ ಕಂಡಿತು. ಸುತ್ತ ಒತ್ತೊತ್ತಾದ ರಿವೆಟ್‌ಗಳ ಉಂಗುರ, ಒಳಗಿನ ತಗಡಿನ ಹೊಳಪು ಹೊರಗಿನದಕ್ಕಿಂತ ಬೇರೆ. ನಕ್ಷತ್ರಗಳನ್ನು ನೋಡಿ ದಿಕ್ಕು ನಿರ್ಣಯಿಸಲು ಸಿ-47ರ ಮೇಲಿರುತ್ತಿದ್ದ ಗಾಜಿನ ಗುಮ್ಮಟವನ್ನು ತೆಗೆದು ಮುಚ್ಚಿದ ಗುರುತು ಅದು. ಅಂದರೆ ಅವರ ಮುಂದಿದ್ದದ್ದು ಪ್ರಯಾಣಿಕರಿಗೆಂದು ಹುಟ್ಟಿದ ಡಿಸಿ-3 ಅಲ್ಲ. ಆ ದೃಷ್ಟಿಯಿಂದ ಹಿಂಬದಿಯ ಚಿತ್ರವೊಂದನ್ನು ತೆರೆದು ನೋಡಿದಾಗ ಅವರು ಉಳಿದಿಬ್ಬರಿಗೆ ಕೇಳಿದ ಪ್ರಶ್ನೆ ಕಡತದಲ್ಲಿ ಹಾಗೆಯೇ ಇದೆ: “ಈ ವಿಮಾನಕ್ಕೆ ಬಾಲದ ಮೊನೆಯೇ ಇಲ್ಲವಲ್ಲ?”

ನಾಗರಿಕ ಡಿಸಿ-3ರ ಒಡಲು ಹಿಂದೆ ಚೂಪಾದ ಶಂಕುವಿನಲ್ಲಿ ಮುಗಿಯುತ್ತದೆ. ಗ್ಲೈಡರ್‌ಗಳನ್ನು ಎಳೆದೊಯ್ಯುವ ಕೊಂಡಿಗಾಗಿ ಸಿ-47ಗಳಲ್ಲಿ ಆ ಶಂಕುವನ್ನು ಮೊಂಡಾಗಿಸಲಾಗಿತ್ತು. ಸಿ-47ರ ಪ್ರಕಟಿತ ಉದ್ದ 63 ಅಡಿ 9 ಇಂಚು, 19.43 ಮೀಟರ್, ಹರವು 95 ಅಡಿ 6 ಇಂಚು, 29.11 ಮೀಟರ್. ಮೂಲ ಸ್ಕ್ಯಾನ್‌ನ ಅದೇ 4,365 ಪಿಕ್ಸೆಲ್‌ಗಳನ್ನು 29.11ರಿಂದ ಭಾಗಿಸಿ, ಬಂದ ಪ್ರಮಾಣದಿಂದ 2,914ನ್ನು ಭಾಗಿಸಿದರೆ ಸರಿಯಾಗಿ 19.43 ಸಿಗುತ್ತದೆ. ಕಾಗದ ಕುಗ್ಗಿರಲಿಲ್ಲ. ಡಿಸಿ-3 ಎಂದು ಹೆಸರಿಟ್ಟು ನಕ್ಷೆಗಾರರು ಬರೆದದ್ದು ಸಿ-47ನ್ನೇ. ನಕ್ಷೆಯ ಪಕ್ಕದ ನೋಟ ವಿಮಾನದ ಬಲಭಾಗವನ್ನು ತೋರಿಸುತ್ತಿದ್ದುದರಿಂದ, ಎಡಭಾಗದಲ್ಲಿರುವ ಸರಕು ಸಾಗಣೆಯ ದೊಡ್ಡ ಬಾಗಿಲು ಕಾಣುವ ಸಂಭವವೂ ಇರಲಿಲ್ಲ; ನಕ್ಷೆಯ ಮೊಂಡು ಬಾಲವನ್ನು ತಂಡ ಗೆರೆಯ ಒರಟುತನವೆಂದು ಭಾವಿಸಿತ್ತು.

ಇಷ್ಟು ಚೆನ್ನಾಗಿ ಲೆಕ್ಕ ಕೂಡಿದ ಮೇಲೂ ಅವರು ಕೂಡಲೇ ನಂಬದೆ ಇನ್ನೊಂದು ಪರೀಕ್ಷೆ ಮಾಡಿದ್ದು ನನಗೆ ಬಹಳ ಮೆಚ್ಚುಗೆಯಾದ ಹೆಜ್ಜೆ. ಕೈಪಿಡಿಯ ಸ್ಟೇಷನ್ ಅಂಕಿಗಳಿಂದ, ಬಾಲದಿಂದ ದೂರವಿರುವ ಚೌಕಟ್ಟುಗಳ ನಡುವಿನ ಅಂತರಗಳನ್ನು ತೆಗೆದುಕೊಂಡು ಹಿಗ್ಗಿಸದ ಸ್ಕ್ಯಾನ್ ಮೇಲೆ ಅಳೆದರು. ಗೆರೆಯ ದಪ್ಪದ ಮಿತಿಯೊಳಗೆ ಎಲ್ಲವೂ ಹೊಂದಿದವು. ಹಿಗ್ಗಿಸಿದ ಸ್ಕ್ಯಾನ್ ಮೇಲೆ ಯಾವುದೂ ಹೊಂದಲಿಲ್ಲ.

ಮುಂದಿನ ನಿರ್ಧಾರ ಕಷ್ಟದ್ದಾಗಿತ್ತು. ಮಾಡೆಲ್ ಅನ್ನು ನೂರಕ್ಕೆ 1.8ರಷ್ಟು ಕುಗ್ಗಿಸಿದರೆ ಸಾಕೆಂದು ಮೊದಲು ತೋರಿತಾದರೂ, ಛಾಯಾಚಿತ್ರಗಳಿಗೆ ಹೊಂದಿಸಲು ಕೈಯಿಂದ ಸರಿಸಿದ ವರ್ಟೆಕ್ಸ್‌ಗಳು ಯಾವ ಒಂದು ನಿಯಮಕ್ಕೂ ಒಳಪಡದೆ ಹೋಗಿದ್ದವು. ತಂಡ ಆ ಹೊಂದಾಣಿಕೆ ಶುರುವಾಗುವುದಕ್ಕೆ ಮುಂಚಿನ ಕಡತಕ್ಕೆ ಹಿಂದಿರುಗಿ, ನಡುವಿನ ಕೆಲಸವನ್ನೆಲ್ಲ ಕೈಬಿಟ್ಟಿತು. ಅದರ ಜೊತೆಗೆ, ಸಾಮಾನ್ಯವಾದ ಒಂದು ಡಿಸಿ-3 ಮಾಡುವ ಗುರಿಯನ್ನೇ ಬಿಟ್ಟು, ಸಂಗ್ರಹಾಲಯದಲ್ಲಿ ತಾವು ಕಂಡ ಆ ಒಂದೇ ವಿಮಾನವನ್ನು, ತಾವು ಕಂಡ ಸ್ಥಿತಿಯಲ್ಲಿ, ಗುಮ್ಮಟದ ತೇಪೆಯ ಸಹಿತ ಮಾಡುವುದೆಂದು ಗೊತ್ತುಮಾಡಿಕೊಂಡರು. ಆ ಬಳಿಕ ಬೇರೆ ವಿಮಾನಗಳ ಚಿತ್ರಗಳು ರಚನೆಯನ್ನು ಅರ್ಥಮಾಡಿಕೊಳ್ಳಲು ಮಾತ್ರ ಬಳಕೆಯಾದವು, ಅಳತೆಗಲ್ಲ.

ಮರುಕಟ್ಟಿದ ಬಗೆ

ಈ ಸಲ ಯಾವ ವಿಷಯಕ್ಕೆ ಯಾವ ಆಕರದ ಮಾತು ಕೊನೆಯದು ಎಂಬುದನ್ನು ಮೊದಲೇ ಬರೆದಿಟ್ಟುಕೊಂಡರು. ಅಚ್ಚಾದ ಅಂಕಿಯಿದ್ದಲ್ಲಿ ಅಂಕಿಯೇ ಅಂತಿಮ. ಅಂಕಿಯಿಲ್ಲದ ಹೊರಗೆರೆಗಳಿಗೆ, ಸ್ಟೇಷನ್‌ಗಳ ಮೇಲೆ ಪರೀಕ್ಷಿಸಿ ಒಪ್ಪಿದ ನಕ್ಷೆ. ಒಂದು ವಸ್ತು ಇದೆಯೋ ಇಲ್ಲವೋ, ಇದ್ದರೆ ಅದರ ಮೇಲ್ಮೈ ಹೇಗೆ ಬಾಗುತ್ತದೆ ಎಂಬುದಕ್ಕೆ ಛಾಯಾಚಿತ್ರ. ರೆಕ್ಕೆಯ ಕೆಳಗಿನ ಸೀಳು ಫ್ಲ್ಯಾಪ್‌ಗಳು ಮೇಲಿನಿಂದ ಬರೆದ ನಕ್ಷೆಯಲ್ಲಿ ಕಾಣುವುದೇ ಇಲ್ಲ. ವಿಮಾನವನ್ನು ವಾಲಿಸಲು, ತಿರುಗಿಸಲು, ಏರಿಳಿಸಲು ಬಳಸುವ ಏಲೆರಾನ್, ರಡ್ಡರ್, ಎಲಿವೇಟರ್‌ಗಳ ಮೇಲೆ ಬಟ್ಟೆ ಹೊದಿಸಿದ್ದರಿಂದ ಪಕ್ಕೆಲುಬುಗಳ ನಡುವೆ ಉಂಟಾಗುವ ನವಿರಾದ ತಗ್ಗನ್ನು ಯಾವ ಗೆರೆಯೂ ತೋರಿಸದು. ಇಂಥಲ್ಲಿ ಛಾಯಾಚಿತ್ರಕ್ಕೆ ಸಾಟಿಯಿಲ್ಲ.

ರೆಕ್ಕೆಯ ಅಡ್ಡಛೇದವನ್ನು ನಕ್ಷೆಯಿಂದ ಗೀಚಿ ತೆಗೆಯುವುದನ್ನೂ ನಿಲ್ಲಿಸಿದರು. ಆ ಸ್ಕ್ಯಾನ್‌ನಲ್ಲಿ ಗೆರೆಯ ದಪ್ಪ ಮೂರು ಪಿಕ್ಸೆಲ್, ಅಂದರೆ ನಿಜದ ಅಳತೆಯಲ್ಲಿ ಎರಡು ಸೆಂಟಿಮೀಟರ್. ಗೆರೆಯ ಹೊರ ಅಂಚನ್ನು ಹಿಡಿದರೆ ಒಂದು ರೆಕ್ಕೆ, ಒಳ ಅಂಚನ್ನು ಹಿಡಿದರೆ ಇನ್ನೊಂದು ರೆಕ್ಕೆ. ಡಿಸಿ-3ರ ರೆಕ್ಕೆ ಬುಡದಲ್ಲಿ ನಾಕಾ 2215, ತುದಿಯಲ್ಲಿ ನಾಕಾ 2206. ಇವು ಅಮೆರಿಕದ ವಿಮಾನ ಸಂಶೋಧನಾ ಸಂಸ್ಥೆ ನಾಕಾ ಸಂಖ್ಯೆ ಕೊಟ್ಟು ಗುರುತಿಸಿದ, ಸೂತ್ರದಿಂದ ಬರುವ ಆಕಾರಗಳು: ಮೊದಲ ಎರಡು ಅಂಕಿಗಳು ಬಾಗು ಎಷ್ಟು, ಎಲ್ಲಿ ಎಂಬುದನ್ನೂ ಕೊನೆಯ ಎರಡು ಅಂಕಿಗಳು ದಪ್ಪವನ್ನು ಅಗಲದ ಶೇಕಡಾ ಪ್ರಮಾಣದಲ್ಲೂ ಹೇಳುತ್ತವೆ. ಸೂತ್ರದಿಂದಲೇ ಬಿಂದುಗಳನ್ನು ಪಡೆದು ಮಾಡೆಲ್‌ಗೂ ಪ್ಲೇನ್ ಮೇಕರ್‌ಗೂ ಒಂದೇ ಆಕಾರವನ್ನು ಕೊಟ್ಟರು.

ಸಂಗ್ರಹಾಲಯಕ್ಕೆ ಮತ್ತೆ ಹೋದಾಗ ಚಿತ್ರ ತೆಗೆಯುವ ಕ್ರಮವೂ ಬೇರೆಯಾಗಿತ್ತು. ಸಿಗುವಷ್ಟು ದೂರದಿಂದ, ಉದ್ದ ಲೆನ್ಸಿನಲ್ಲಿ, ಕತ್ತರಿಸದೆ, ಪ್ರತಿ ಚಿತ್ರದ ಫೋಕಲ್ ಲೆಂತ್ ಕಡತದಲ್ಲೇ ಉಳಿಯುವಂತೆ ತೆಗೆದರು. ಬಿಡಿಭಾಗಗಳ ಪಕ್ಕದಲ್ಲಿ, ಅದೇ ಸಮತಲದಲ್ಲಿ, ಗುರುತು ಹಾಕಿದ ಅಳತೆಗೋಲನ್ನು ಹಿಡಿದರು.

ಚಕ್ರಗಳು ಮಾತ್ರ ಈ ಸಲವೂ ಕಾಡಿದವು. ಹೊಸ ಮಾಡೆಲ್ ಅನ್ನು ಸಿಮ್ಯುಲೇಟರ್‌ನಲ್ಲಿ ರನ್‌ವೇ ಮೇಲೆ ಇಟ್ಟಾಗ ಟೈರುಗಳು ನೆಲದೊಳಗೆ ಇಳಿದವು. ಡಿಸಿ-3ರ ಪ್ರತಿ ಮುಖ್ಯ ಚಕ್ರದ ಎರಡೂ ಬದಿಗೆ ಒಂದೊಂದು ಆಲಿಯೋ ಸ್ಟ್ರಟ್, ಅಂದರೆ ಆಘಾತ ಹೀರುವ ಕಾಲು, ಇರುತ್ತದೆ. ವಿಮಾನ ನಿಂತಾಗ ಅವು ಭಾರಕ್ಕೆ ಅಮುಕಿರುತ್ತವೆ, ಹಾರುವಾಗ ಪೂರ್ತಿ ಚಾಚಿರುತ್ತವೆ. ಮಾಡೆಲರ್ ನಿಂತ ವಿಮಾನದ ಚಿತ್ರದಿಂದ ಚಕ್ರದ ಎತ್ತರವನ್ನು ತೆಗೆದಿದ್ದರು, ಸಿಮ್ಯುಲೇಟರ್ ಅದನ್ನು ಚಾಚಿದ ಸ್ಥಿತಿಯೆಂದು ತಿಳಿದು ಅದರ ಮೇಲೆ ಇನ್ನೊಮ್ಮೆ ಭಾರ ಹಾಕಿತು. ಸಂಗ್ರಹಾಲಯದ ವಿಮಾನದ ಸ್ಟ್ರಟ್ ನೋಡಿ ಅಳೆಯುವುದೂ ಅಪಾಯಕರ, ಏಕೆಂದರೆ ಎಷ್ಟೋ ವರ್ಷ ನಿಂತ ವಿಮಾನದಲ್ಲಿ ಗಾಳಿ ಇಳಿದು ಅವು ಸಹಜಕ್ಕಿಂತ ಹೆಚ್ಚು ಕುಸಿದಿರಬಹುದು ಅಥವಾ ಭಾರವನ್ನು ಬೇರೆ ಆಧಾರ ಹೊತ್ತಿರಬಹುದು. ಹಾರುತ್ತಿರುವ, ಚಕ್ರ ಇಳಿಸಿ ಭೂಸ್ಪರ್ಶಕ್ಕೆ ಬರುತ್ತಿರುವ ವಿಮಾನಗಳ ಚಿತ್ರಗಳಲ್ಲಿ ಪಿಸ್ಟನ್‌ನ ಹೊಳೆಯುವ ಭಾಗ ಎಷ್ಟು ಹೊರಬಂದಿದೆಯೆಂದು ಟೈರಿನ ವ್ಯಾಸದೊಡನೆ ಹೋಲಿಸಿ ಚಾಚಿದ ಸ್ಥಿತಿಯನ್ನು ಕಂಡುಕೊಂಡರು; ಅಮುಕುವ ಚಲನೆಯನ್ನು ಸಿಮ್ಯುಲೇಟರ್ ಕೊಡುವ ಮೌಲ್ಯಕ್ಕೆ ಕಟ್ಟಿದರು.

ಫಲಿತಾಂಶ

ಮರುಕಟ್ಟಿದ ಮಾಡೆಲ್ ಅನ್ನು ಹೊಸ ಚಿತ್ರಗಳ ಮೇಲೆ ಕೂರಿಸಿದಾಗ ಕಿಟಕಿಗಳ ಸಾಲು ಮೊದಲಿನಿಂದ ಕೊನೆಯವರೆಗೆ ಹೊಂದಿತು. ರೆಕ್ಕೆಯ ವಿಸ್ತೀರ್ಣ ಪ್ರಕಟಿತ ಅಂಕಿಗೆ ಬಂದು ನಿಂತಿತು. ರೆಕ್ಕೆ ತನ್ನ ಸ್ಥಾನಕ್ಕೆ ಮರಳಿದ್ದರಿಂದ, ಹಿಂದಕ್ಕೆ ತಳ್ಳಿದ್ದ ಗುರುತ್ವ ಕೇಂದ್ರವನ್ನು ಕೈಪಿಡಿಯ ಜಾಗಕ್ಕೇ ತಂದು ಹಾರಿಸಲು ಸಾಧ್ಯವಾಯಿತು. ಹಾರಾಟದ ಲೆಕ್ಕಕ್ಕೆ ಹಿಡಿಯುವ ಸರಾಸರಿ ಅಗಲ ಮೂರೂವರೆ ಮೀಟರ್ ಇರುವ ರೆಕ್ಕೆ ಒಂಬತ್ತು ಸೆಂಟಿಮೀಟರ್ ಸರಿಯುವುದೆಂದರೆ ನೂರಕ್ಕೆ ಎರಡೂವರೆ, ಮೂತಿ ಭಾರಕ್ಕೆ ಅಷ್ಟು ಸಾಕಾಗಿತ್ತು.

ಬೇರೆಯವರು ಈ ಪ್ರಕರಣದಿಂದ ಎತ್ತಿಕೊಳ್ಳಬಹುದಾದ ಅಭ್ಯಾಸ ಯಾವುದೆಂದು ಕೇಳಿದರೆ ನಾನು ಒಂದನ್ನೇ ಮುಂದೆ ಇಡುತ್ತೇನೆ: ನಕ್ಷೆಯನ್ನು ಹಿಗ್ಗಿಸುವ ಅಥವಾ ಕುಗ್ಗಿಸುವ ಮುನ್ನ, ತುದಿಗಳನ್ನು ಬಿಟ್ಟು ಒಳಗಿನ ಎರಡು ಬಿಂದುಗಳ ನಡುವಿನ ತಿಳಿದ ಅಂತರವೊಂದನ್ನು ಅಳೆದು ನೋಡಬೇಕು. ತುದಿಗಳು ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಬದಲಾಗುತ್ತವೆ. ಮೂತಿ, ಬಾಲದ ಶಂಕು, ರೆಕ್ಕೆಯ ತುದಿ ಇವೆಲ್ಲ ತಯಾರಕರು ಸುಲಭವಾಗಿ ಮಾರ್ಪಡಿಸುವ ಭಾಗಗಳು. ನಡುವಿನ ಚೌಕಟ್ಟುಗಳನ್ನು ಬದಲಿಸುವುದು ಕಷ್ಟ, ಹಾಗಾಗಿ ಅವು ಸ್ಥಿರ. ಮೂವರೂ ತಮ್ಮ ತಮ್ಮ ಸಣ್ಣ ವ್ಯತ್ಯಾಸಗಳನ್ನು ಒಂದೇ ಕಡತದಲ್ಲಿ ಬರೆಯತೊಡಗಿದ್ದು ಕೂಡ ಇದರಿಂದ ಬಂದ ಬದಲಾವಣೆ. ಈಗ ಆ ಕಡತದಲ್ಲಿ ಪ್ರತಿ ಭಾಗದ ಮುಂದೆ ಆಕರ ಯಾವುದು, ಎಷ್ಟು ಸೆಂಟಿಮೀಟರ್ ತಪ್ಪಿರಬಹುದು ಎಂಬ ಎರಡು ಕಲಂಗಳಿವೆ.

ಮುಂಗಾಜಿನ ಕೆಳಗೆ ಮೂತಿ ಎರಡು ದಿಕ್ಕಿಗೆ ಒಮ್ಮೆಲೇ ಬಾಗುವ ಜಾಗಕ್ಕೆ ಇನ್ನೂ ಅಂಕಿ ಸಿಕ್ಕಿಲ್ಲ. ಎರಡು ಸ್ಟೇಷನ್‌ಗಳ ನಡುವಿನ ಆ ಮೇಲ್ಮೈಯನ್ನು ಬೇರೆಬೇರೆ ಕೋನದ ಮೂರು ಚಿತ್ರಗಳಿಂದ ಹೊಂದಿಸಿದ್ದಾರೆ. ಅದರ ಮುಂದೆ ‘ಛಾಯಾಚಿತ್ರ ಮಾತ್ರ, ಮೂರು ಸೆಂ.ಮೀ.ವರೆಗೆ’ ಎಂದು ಬರೆದು, ನಿಖರ ಅಳತೆ ಸಿಕ್ಕಿದಾಗ ಉಳಿದ ಒಡಲನ್ನು ಮುಟ್ಟದೆ ಬದಲಿಸಲು ಅನುಕೂಲವಾಗುವಂತೆ ಆ ಭಾಗವನ್ನು ಬೇರೆಯೇ ಮೆಶ್ ಆಗಿ ಇಟ್ಟಿದ್ದಾರೆ.